ಷಡ್ಡಕರ ಪೋರ್ಚುಗಲ್ ಇಳಿಜಾರು

ನೆದರ್ಲೆಂಡ್ಸ್ ಸಪಾಟಾದ ದೇಶ ಎಂಬುದು ಭೂಗೋಳದ ಸಂಗತಿ. ಅದನ್ನು ತಮಗೇ ಮಾಡಿದ ಅವಮಾನ ಎಂದುಕೊಂಡವರು ಇಡೀ ದೇಶದಲ್ಲಿ ಒಬ್ಬರೇ, ನಮ್ಮ ಷಡ್ಡಕರು!

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಇಲ್ಲವೇ ತಂಗಿಯ ಗಂಡ. ನಾವು ಆರಿಸಿಕೊಂಡದ್ದಲ್ಲ, ಹೆಂಡತಿಯ ಜೊತೆಗೆ ಬಂದದ್ದು. ನನ್ನವರು ಅಕ್ಕನ ಗಂಡ, ಗದಗಿನ ಕಡೆಯವರು. ನನಗಿಂತ ಆರು ವರ್ಷ ದೊಡ್ಡವರಾದ್ದರಿಂದ ನಾನು ಅವರನ್ನು ಭಾವ ಎನ್ನುತ್ತೇನೆ, ಅವರು ನನ್ನನ್ನು ತಮ್ಮಾ ಎನ್ನುತ್ತಾರೆ. ಅವರ ಮನೆ ನ್ಯೂವೆಗೈನ್‌ನಲ್ಲಿ, ನಮ್ಮದು ಜೂಟರ್‌ಮೀರ್‌ನಲ್ಲಿ. ಇಬ್ಬರೂ ಇಂಜಿನಿಯರುಗಳು. ನಡುವೆ ಇರುವುದು ಮುಕ್ಕಾಲು ಗಂಟೆಯ ದಾರಿ. ಅಷ್ಟು ದೂರ ಸಾಕು ಎಂದು ನಾನು ಮೊದಲು ತಪ್ಪು ತಿಳಿದಿದ್ದೆ.

2013ರಲ್ಲಿ ಭಾವ ಒಂದು ಮೌಂಟನ್ ಬೈಕ್ ಕೊಂಡರು. ಈ ದೇಶದಲ್ಲಿ ಸೈಕಲ್ ಎಂದರೆ ನಮ್ಮಲ್ಲಿ ಚಪ್ಪಲಿ ಇದ್ದಂತೆ, ಮೆಟ್ಟಿಕೊಂಡು ಹೋಗುವುದು ಅಷ್ಟೆ. ಅದಕ್ಕೆ ಗೇರೇ ಬೇಡ. ಭಾವನ ಸೈಕಲ್ಲಿಗೆ ಇಪ್ಪತ್ತೇಳು ಗೇರು. ಅವುಗಳಲ್ಲಿ ಇಪ್ಪತ್ತಾರು ನಿರುದ್ಯೋಗಿಗಳು!

"ಭಾವ, ಮೌಂಟನ್ ಬೈಕ್ ತಗೊಂಡ್ರಿ ಸರಿ, ಮೌಂಟನ್ ಎಲ್ಲಿ?" ಎಂದು ಕೇಳಿದೆ.

"ಪೋರ್ಚುಗಲ್ಲಿನಾಗ ಐತಿ," ಅಂದರು, ಪೋರ್ಚುಗಲ್ ಪಕ್ಕದ ಓಣಿಯಲ್ಲಿರುವ ಹಾಗೆ.

ಪೋರ್ಚುಗಲ್ಲೇ ಯಾಕೆ? ಆಲ್ಪ್ಸ್ ಇಲ್ಲವೇ? ಅದಕ್ಕೆ ಅವರ ಬಳಿ ಪ್ರಶ್ನಾತೀತ ಕಾರಣವಿತ್ತು. "ನಮ್ಮ ದೇಶಕ್ಕ ಮೆಣಸಿನಕಾಯಿ ತಂದವರು ಯಾರು? ಅವರು. ಅವರು ಬರಲಿಲ್ಲಂದ್ರ ನಮ್ಮ ಕೆಂಪು ಖಾರದ ರಂಜಕ ಎಲ್ಲಿರ್ತಿತ್ತು? ಆಲ್ಪ್ಸ್‌ನವರು ನಮಗೇನು ಕೊಟ್ಟಾರ? ನೆಗಡಿ!"

ಅಲ್ಲಿಂದ ಮೂರು ವರ್ಷ ಅವರ ಮನೆಯ ಊಟದ ಮೇಜಿನ ಮೇಲೆ ಪೋರ್ಚುಗಲ್ ಹಾಸಿಕೊಂಡಿತ್ತು. ಸ್ಪೇನ್ ಗಡಿಯ ಹತ್ತಿರದ ಗುಡ್ಡಸಾಲು, ಅದರ ನೆತ್ತಿಗಳಲ್ಲಿ ಹಾಳುಬಿದ್ದ ಕೋಟೆಗಳು, ಸಂದುಗಳಲ್ಲಿ ಕಲ್ಲಿನ ಹಳ್ಳಿಗಳು, ರೋಮನ್ನರ ಕಾಲದ ದಾರಿಗಳು. ಎಲ್ಲವನ್ನೂ ಭಾವ ನಕಾಶೆಯ ಮೇಲೆ ಕೆಂಪು, ಹಸಿರು ಪೆನ್ನುಗಳಲ್ಲಿ ಗೆರೆ ಎಳೆದು ಜೋಡಿಸಿದ್ದರು. ನಾಲ್ಕು ದಿನದ ದಾರಿ. ಕೊನೆಯ ದಿನದ್ದೇ ಕಳಶ: ಒಂದು ಕೋಟೆಯಿಂದ ಕೆಳಗಿನ ಹೊಳೆಯವರೆಗೆ ನಾಲ್ಕು ಕಿಲೋಮೀಟರ್ ಇಳಿಜಾರು, ಹಳೆಯ ಕಲ್ಲುಹಾಸಿನ ಮೇಲೆ. ಆ ಗೆರೆಯ ಮೇಲೆ ಅವರು ಬೆರಳಾಡಿಸುವಾಗ ಹೆಂಗಸರು ರೇಷ್ಮೆ ಸೀರೆಯ ಸೆರಗು ಮುಟ್ಟಿ ನೋಡಿದಂತೆ ಕಾಣುತ್ತಿತ್ತು.

ಅತ್ತಿಗೆ ಬೇಸತ್ತಿದ್ದರು. "ನೋಡ್ರಿ, ಒಂದು ಪ್ಲೇಟ್ ಇಡಾಕ ಜಾಗ ಇಲ್ಲ. ಯುಗಾದಿಗೆ ಹೋಳಿಗಿ ಬಡಿಸಬೇಕಂದ್ರ, ಪೋರ್ಚುಗಲ್ ಸರಸಬ್ಯಾಡ ಅಂತಾರ!"

ತಾಲೀಮಿಗೆ ಗುಡ್ಡ ಬೇಕಲ್ಲ? ನಮ್ಮ ಜೂಟರ್‌ಮೀರ್‌ನಲ್ಲಿ ಒಂದಿದೆ. ಒಡೆದ ಕಟ್ಟಡಗಳ ಕಲ್ಲುಮಣ್ಣು, ಹಾಳುಮೂಳು ತಂದು ಸುರಿದು, ಮೇಲೆ ಹುಲ್ಲು ಬೆಳೆಸಿ, ಮನುಷ್ಯರೇ ಮಾಡಿದ ಗುಡ್ಡ. ಭಾವ ಪ್ರತಿ ಶನಿವಾರ ಬೆಳಿಗ್ಗೆ ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡು ಬರತೊಡಗಿದರು. "ನಿಮ್ಮೂರಿನ ಕಸದ ಮ್ಯಾಲೆ ನಂಗ ಭಾಳ ಗೌರವ ಐತಿ," ಎನ್ನುತ್ತಿದ್ದರು. ನನ್ನನ್ನೂ ಹಾಸಿಗೆಯಿಂದ ಎಬ್ಬಿಸಿ ಎಳೆದುಕೊಂಡು ಹೋಗುತ್ತಿದ್ದರು. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಒಂದು ದಿನ ಅಲ್ಲಿ ನಾಯಿ ಅಡ್ಡಾಡಿಸಲು ಬಂದಿದ್ದ ಡಚ್ ಅಜ್ಜಿಯೊಬ್ಬರು ಇಪ್ಪತ್ತನೆಯ ಸಲಕ್ಕೋ ಏನೋ ತಡೆಯಲಾರದೆ ಭಾವನನ್ನು ನಿಲ್ಲಿಸಿದರು.

"ಏನಾದರೂ ಕಳೆದುಕೊಂಡಿದ್ದೀರಾ?" ಎಂದು ಡಚ್ಚಿನಲ್ಲಿ ಕೇಳಿದರು, ನಿಜವಾದ ಕಾಳಜಿಯಿಂದ.

ಭಾವ ಏದುಸಿರಿನಲ್ಲೇ, ಹೌದಮ್ಮಾ ಎಂದು ಡಚ್ಚಿನಲ್ಲೇ ಹೇಳಿದರು: "ಯಾ ಮೆವ್ರೋ. ಪೋರ್ಚುಗಲ್!"

ಅಜ್ಜಿ ನಾಯಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಭಾವನ ಮಗಳು ಮಾತ್ರ ಒಮ್ಮೆ ಬಂದು ನೋಡಿ, "ಪಪ್ಪಾ, ದಿಸ್ ಈಸ್ ನಾಟ್ ಅ ಮೌಂಟನ್. ದಿಸ್ ಈಸ್ ಅ ಸ್ಪೀಡ್ ಬ್ರೇಕರ್," ಎಂದು ಹೇಳಿ ಕಾರಿನಲ್ಲಿ ಕೂತುಬಿಟ್ಟಳು.

ಅಂತೂ 2016ರ ಮೇ ತಿಂಗಳಲ್ಲಿ ನಾವಿಬ್ಬರೂ ಹೊರಟೆವು. ಭಾಷೆಯ ಗತಿ ಏನು ಎಂದು ವಿಮಾನದಲ್ಲಿ ಕೇಳಿದೆ. ಭಾವ ನಕ್ಕರು. "ಹುಚ್ಚಪ್ಪಾ, ಪೋರ್ಚುಗೀಸ್ ನಿನಗೂ ಬರ್ತೈತಿ. ಮೇಜು, ಚಾವಿ, ಸಾಬೂನು, ಬಟಾಟಿ, ಬಾಲ್ದಿ. ಎಲ್ಲಾ ಅವರವೇ ಮಾತು. ಐದು ಮಾತಿನಾಗ ಸಂಸಾರ ನಡೀತೈತಿ."

ನಾನು ನಂಬಲಿಲ್ಲ. ಮೊದಲ ಸಂಜೆ ಒಂದು ಹಳ್ಳಿಯ ವಸತಿಗೃಹ ತಲುಪಿದೆವು. ಒಡತಿ ಎಪ್ಪತ್ತು ದಾಟಿದ ಹೆಂಗಸು, ಕಪ್ಪು ಬಟ್ಟೆ, ಮುಖದಲ್ಲಿ ನಗುವಿನ ಸುಳಿವಿಲ್ಲ. ಇಂಗ್ಲಿಷಿಗೆ ತಲೆ ಅಲ್ಲಾಡಿಸಿದರು. ಡಚ್ಚಿಗೆ ಬಾಗಿಲನ್ನೇ ಅರ್ಧ ಮುಚ್ಚಿದರು. ಭಾವ ಎದೆ ಸೆಟೆಸಿ ನಿಂತು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವಂತೆ ಹೇಳಿದರು: "ಚಾವಿ. ಸಾಬೂನು. ಮೇಜು. ಬಟಾಟಿ."

ನಂಬುತ್ತೀರೋ ಬಿಡುತ್ತೀರೋ! ಆಕೆ ನಮ್ಮ ಕೈಗೆ ಬೀಗದ ಕೈ ಕೊಟ್ಟರು, ಸಾಬೂನು ಕೊಟ್ಟರು, ಮೇಜು ತೋರಿಸಿದರು, ಅದರ ಮೇಲೆ ಎಣ್ಣೆ ಸುರಿದ ಬೇಯಿಸಿದ ಆಲೂಗಡ್ಡೆಯ ದೊಡ್ಡ ತಟ್ಟೆ ತಂದಿಟ್ಟರು. ಮನುಷ್ಯನಿಗೆ ಇನ್ನೇನು ಬೇಕು? ಬೆಳಿಗ್ಗೆ ನಮ್ಮ ಕೆಸರು ಬೂಟುಗಳನ್ನು ಕಂಡು ಆಕೆ ಬಕೆಟ್ ಎತ್ತಿಕೊಂಡು ಬಂದಾಗ ಭಾವ ಆನಂದ ತಾಳಲಾರದೆ "ಬಾಲ್ದಿ!" ಎಂದು ಕೂಗಿದರು. ಆಕೆಯೂ "ಬಾಲ್ದ್!" ಎಂದು ಕೂಗಿದರು. ಎರಡು ದೇಶಗಳು ಒಂದು ಬಕೆಟ್ಟಿನ ಎರಡು ಬದಿ ನಿಂತು ಹೀಗೆ ನಕ್ಕದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ದಾರಿಯ ಮಾತು. ಕಸದ ಗುಡ್ಡಕ್ಕೂ ದೇವರು ಮಾಡಿದ ಗುಡ್ಡಕ್ಕೂ ಇರುವ ವ್ಯತ್ಯಾಸ ಮೊದಲ ಏರಿನಲ್ಲೇ ತಿಳಿಯಿತು. ಇಪ್ಪತ್ತಾರು ಗೇರುಗಳಿಗೂ ಒಂದೇ ದಿನ ಕೆಲಸ ಸಿಕ್ಕಿತು. ಭಾವ ಮಾತ್ರ ದಣಿವಾಗಿದೆ ಎಂದು ಒಮ್ಮೆಯೂ ಹೇಳಲಿಲ್ಲ. ಉಸಿರು ಸಿಕ್ಕಿಕೊಂಡಾಗಲೆಲ್ಲ ಸೈಕಲ್ ಇಳಿದು, "ತಮ್ಮಾ, ಇಲ್ಲಿ ಸ್ವಲ್ಪ ಇತಿಹಾಸ ನೋಡೂಣು," ಎನ್ನುತ್ತಿದ್ದರು. ಆ ದೇಶದಲ್ಲಿ ಏರು ಎಷ್ಟು ಕಡಿದೋ ಇತಿಹಾಸ ಅಷ್ಟು ದಟ್ಟ! ಸಪಾಟು ನೆಲದಲ್ಲಿ ಚರ್ಚು ಕಂಡರೂ ನಿಲ್ಲುತ್ತಿರಲಿಲ್ಲ. ಕಡಿದಾದಲ್ಲಿ ಕುರಿದೊಡ್ಡಿಯ ಗೋಡೆಯ ಮುಂದೆಯೂ ಕಾಲು ಗಂಟೆ ನಿಂತು, "ಈ ಕಲ್ಲು ಏನೇನು ಕಂಡೈತೋ," ಎಂದು ನಿಟ್ಟುಸಿರು ಬಿಡುತ್ತಿದ್ದರು.

ಎರಡನೆಯ ದಿನ ಮಧ್ಯಾಹ್ನ ನೀರು ಮುಗಿಯಿತು. "ಚಿಂತಿ ಮಾಡಬ್ಯಾಡ, ಮುಂದ ಹಳ್ಳ ಐತಿ," ಎಂದು ಭಾವ ನಕಾಶೆ ತೋರಿಸಿದರು. ನಿಜ, ಕಂದು ಬಣ್ಣದ ಗೆರೆಯೊಂದು ನಮ್ಮ ದಾರಿಯನ್ನು ಅಡ್ಡ ಹಾಯುತ್ತಿತ್ತು. ಮೂರು ಕಿಲೋಮೀಟರ್ ಹೋದೆವು. ಒಣ ಹೊಲ. ಒಂದು ಕತ್ತೆ. ಭಾವ ನಕಾಶೆಯನ್ನು ಬಿಸಿಲಿಗೆ ಹಿಡಿದರು, ತಿರುಗಿಸಿದರು, ಕೊನೆಗೆ ಮೂಗಿನ ಹತ್ತಿರ ತಂದು ಮೂಸಿದರು.

"ಏನು ಭಾವ?"

ನಕಾಶೆ ಮಡಚುತ್ತ ಹೇಳಿದರು: "ಕಟ್ಟಿನ ಸಾರು."

ಯುಗಾದಿಯ ದಿನ ಹೋಳಿಗೆಯ ಜೊತೆಗಿನ ಸಾರು ನಕಾಶೆಯ ಮೇಲೆ ಚೆಲ್ಲಿದ್ದು! ಆ ಹಳ್ಳದ ಮೂಲ ನ್ಯೂವೆಗೈನ್‌ನ ಅಡಿಗೆಮನೆಯಲ್ಲಿತ್ತು. ನಾವು ಕತ್ತೆಯ ಒಡೆಯನನ್ನು ಹುಡುಕಿ ನೀರು ಕುಡಿದೆವು.

ನಾಲ್ಕನೆಯ ದಿನ ಹನ್ನೊಂದರ ಹೊತ್ತಿಗೆ ಆ ಕೋಟೆ ತಲುಪಿದೆವು. ಮುರಿದ ಗೋಡೆ, ಅದರ ಸಂದಿನಿಂದ ಬೀಸುವ ಗಾಳಿ, ಕೆಳಗೆ ದಾರದಂತೆ ಹೊಳೆ. ನಡುವೆ ಭಾವನ ಇಳಿಜಾರು. ನಕಾಶೆಯಲ್ಲಿ ಅದು ಒಂದು ಗೇಣು ಕೆಂಪು ಗೆರೆಯಾಗಿತ್ತು. ಇಲ್ಲಿ ನೋಡಿದರೆ ಮೆಟ್ಟಿಲೋ ದಾರಿಯೋ ತಿಳಿಯದಂತೆ ಸವೆದು ನುಣುಪಾದ ಕಲ್ಲುಗಳು, ಒಂದು ಬದಿ ಬಂಡೆ, ಇನ್ನೊಂದು ಬದಿ ಏನೂ ಇಲ್ಲ.

ಭಾವ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು. ಮದುಮಗನ ಕಳೆ ಇತ್ತು ಮುಖದಲ್ಲಿ.

ನಾನು ಬ್ರೇಕ್ ಒತ್ತಿ ನೋಡಿದೆ. ಫೋಟೋ ತೆಗೆದೆ. ನೀರು ಕುಡಿದೆ. ಮತ್ತೆ ಬ್ರೇಕ್ ಒತ್ತಿದೆ. ಜೂಟರ್‌ಮೀರ್‌ನಲ್ಲಿ ಎಷ್ಟು ಶನಿವಾರ ಇಳಿದಿದ್ದೆನೋ, ಯಾವುದೂ ನೆನಪಿಗೆ ಬರಲಿಲ್ಲ. ನಲವತ್ತೆರಡು ವರ್ಷದ ಗಂಡಸು, ಮನೆಯಲ್ಲಿ ದೊಡ್ಡ ಮಾತಾಡಿ ಬಂದವನು.

"ಭಾವ, ನನ್ ಕೈಲಿ ಆಗಲ್ಲ," ಎಂದೆ. "ನೀವು ಹೋಗಿ. ನಾನು ನಿಧಾನಕ್ಕೆ ತಳ್ಕೊಂಡು ಬರ್ತೀನಿ. ಕೆಳಗೆ ಕಾಯ್ತಿರಿ."

ಈಗ ಒಂದು ನಗೆಮಾತು ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ. ಅವರು ಇಳಿಜಾರಿನ ಕಡೆ ಒಮ್ಮೆ ನೋಡಿದರು, ಬಹಳ ಹೊತ್ತೇನಲ್ಲ.

"ನಡಿ," ಅಂದರು.

ನಡಿ ಎಂದರೆ ಸೈಕಲ್ ಹತ್ತಿ ಹೊರಡು ಎಂದುಕೊಂಡೆ. ತಿರುಗಿ ನೋಡಿದರೆ ಅವರು ಹೆಲ್ಮೆಟ್ ತೆಗೆದು ಹ್ಯಾಂಡಲ್ಲಿಗೆ ಸಿಕ್ಕಿಸಿದ್ದರು. ಸೈಕಲ್ ಇಳಿದಿದ್ದರು.

"ನೀವ್ಯಾಕೆ ಭಾವ? ಮೂರು ವರ್ಷದಿಂದ..."

"ನಡಿಯೋ ತಮ್ಮಾ. ಬಿಸಲು ಏರತೈತಿ."

ನಾನು ಮುಂದೆ, ಅವರು ಹಿಂದೆ. ನಾಲ್ಕು ಕಿಲೋಮೀಟರ್. "ಎಡಕ್ಕ ಹೋಗು." "ಆ ಕಲ್ಲು ಜಾರತೈತಿ, ನೋಡ್ಕೊ." ಇಷ್ಟೇ ಮಾತು. ಅರ್ಧ ದಾರಿಯಲ್ಲಿ ಹಿಂದಿನಿಂದ ಮೂವರು ತರುಣರು ಸೈಕಲ್ ಹಾರಿಸಿಕೊಂಡು ಕೇಕೆ ಹಾಕುತ್ತ ಬಂದರು. ಭಾವ ಬಂಡೆಗೆ ಒರಗಿ ಅವರಿಗೆ ದಾರಿ ಬಿಟ್ಟರು. ಅವರು ಕೆಳಗಿನ ತಿರುವಿನಲ್ಲಿ ಮರೆಯಾಗುವವರೆಗೂ ಕತ್ತು ಚಾಚಿ ನೋಡಿದರು. ನಾನು ಬೇರೆ ಕಡೆ ನೋಡಿದೆ. ಆ ದಿನ ಇತಿಹಾಸ ನೋಡಲು ಅವರು ಎಲ್ಲೂ ನಿಲ್ಲಲಿಲ್ಲ.

ಹೊಳೆಯಲ್ಲಿ ಮುಖ ತೊಳೆದು, ರೊಟ್ಟಿ ಶೇಂಗಾ ಚಟ್ನಿ ತಿಂದು, ಸಂಜೆಯ ವಿಮಾನಕ್ಕೆ ಹೊರಟೆವು.

ಮುಂದಿನ ಭಾನುವಾರ ನ್ಯೂವೆಗೈನ್‌ನಲ್ಲಿ ಊಟ. ಮೇಜಿನ ಮೇಲೆ ನಕಾಶೆ ಇರಲಿಲ್ಲ, ಪಾತ್ರೆಗಳಿದ್ದವು. ನನ್ನ ಹೆಂಡತಿ ಕೇಳಿಯೇಬಿಟ್ಟಳು: "ಮಾಮಾ, ಆ ಇಳಕಲು ಹೆಂಗಿತ್ತ್ರಿ? ಇವರು ಏನೂ ಹೇಳವಲ್ರು."

ಭಾವ ರೊಟ್ಟಿ ಮುರಿದರು.

"ಏನ್ ಹೇಳ್ಲಿ? ನಿನ್ನ ಗಂಡ ಮುಂದ, ನಾ ಹಿಂದ. ಹೊಳಿ ಮುಟ್ಟೋತನಕ ಒಮ್ಮೆನೂ ನಾ ಇವನ್ನ ದಾಟಲಿಲ್ಲ ನೋಡವಾ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅತ್ತಿಗೆ ಹುಬ್ಬೇರಿಸಿದರು. ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ಮದುವೆಯಾದ ಹೊಸದರಲ್ಲಿ ಕಂಡಿದ್ದೆ. ನಾನು ನಿಜ ಹೇಳಲು ಬಾಯಿ ತೆರೆದೆ.

"ಮೊಸರು ಈ ಕಡೆ ಸರಸು," ಅಂದರು ಭಾವ, ನನ್ನ ಮುಖ ನೋಡದೆ.

ಸರಿಸಿದೆ.