ಓದುಗರನ್ನು ಹುಡುಕಿ ಹೊರಟ ನಮ್ಮ ಮಾವ

ಹೊನ್ನಾಳಿಯಲ್ಲಿ ನಮ್ಮ ಸೋದರಮಾವನನ್ನು ದೂರದಿಂದ ಕಂಡರೇ ಜನ ದಾರಿ ಬದಲಿಸುತ್ತಿದ್ದರು. ಜಗಳಗಂಟರೇನಲ್ಲ, ಊರಿನ ವಾಚನಾಲಯ ನೋಡಿಕೊಳ್ಳುತ್ತಿದ್ದ ಸಾಧು ಮನುಷ್ಯ. ಆದರೆ ಎದುರಾದವರನ್ನೆಲ್ಲ ನಿಲ್ಲಿಸಿ, “ನಿಮಗೆ ಏನು ಓದೋ ಆಸೆ ಐತೆ?” ಎಂದು ಕೇಳುತ್ತಿದ್ದರು. ಉತ್ತರ ಸಿಗುವವರೆಗೆ ಬಿಟ್ಟರೆ ತಾನೆ!

ಈ ಚಟ ಹತ್ತಿದ್ದು ಮದರಾಸಿನಲ್ಲಿ. ಎರಡನೇ ಮಹಾಯುದ್ಧಕ್ಕೆ ಮೊದಲು ಗ್ರಂಥಾಲಯದ ಕೆಲಸ ಕಲಿಯಲು ಹೋದವರು, ಓದುಗರಿಗೆ ಏನು ಬೇಕೆಂದು ಊಹಿಸಬಾರದು, ವಿಚಾರಿಸಿ ತಿಳಿಯಬೇಕು ಎಂಬ ಪಾಠ ಹೊತ್ತು ತಂದರು. ಇಲ್ಲಿ ನೋಡಿದರೆ ಓದುವವರೇ ಇಲ್ಲ. ದೀಪಾವಳಿಯೊಳಗೆ ಜನ ಬರದಿದ್ದರೆ ಕೋಣೆಯನ್ನು ಹತ್ತಿ ಮೂಟೆ ಇಡಲು ಬಾಡಿಗೆಗೆ ಬಿಡುತ್ತೇವೆ ಎಂದರು ವಾಚನಾಲಯದ ಅಧ್ಯಕ್ಷರು. ಮಾವ ಪಟ್ಟು ಹಿಡಿದರು.

ಮೊದಲು ನ್ಯಾಮತಿ ಸಂತೆಗೆ ಹೋಗಿ ಕಂಡಕಂಡವರನ್ನು ಕೇಳಿದರು. “ವೇದಾಂತ ಓದ್ತೀವಿ ಬಿಡ್ರಿ, ಸ್ವಲ್ಪ ಸರೀರಿ, ಎತ್ತು ಬೆದರ್ತಾವೆ” ಎಂದ ಒಬ್ಬ ರೈತ. ಉಳಿದವರೂ ವೇದಾಂತವೆಂದೇ ಹೇಳಿದರು. ಮಾವ ಕಪಾಟು ತುಂಬ ವೇದಾಂತ ತರಿಸಿದರು. ಅದನ್ನು ಮುಟ್ಟಿದ್ದು ಗೆದ್ದಲು ಮಾತ್ರ.

“ತಪ್ಪು ಜನರದ್ದಲ್ಲ, ನನ್ನದು. ಕೇಳಿದ್ರೆ ಮರ್ಯಾದೆಗೆ ಏನೋ ಹೇಳ್ತಾರೆ. ಇನ್ಮೇಲೆ ಕೇಳಂಗಿಲ್ಲ, ನೋಡ್ತೀನಿ” ಎಂದರು ಮಾವ.

ನೋಡಲು ಹೋಟೆಲಿನ ಮೂಲೆ ಹಿಡಿದರು. ಸಾಸ್ವೆಹಳ್ಳಿಯವನೊಬ್ಬ ಮಂಡಕ್ಕಿ ಮುಗಿಸಿ, ಪೊಟ್ಟಣದ ಕಾಗದ ಬಿಡಿಸಿ ಓದತೊಡಗಿದ. ಮಾವ ಪೆನ್ಸಿಲು ತೆಗೆದರು. ಸ್ವಾತಂತ್ರ್ಯ ಚಳವಳಿಯ ದಿನಗಳು ನೋಡಿ. ಮಾವನನ್ನು ಗುಪ್ತ ಪೊಲೀಸರೆಂದುಕೊಂಡು ಅವನು ಓಟ ಕಿತ್ತ. ಓದುಗನನ್ನು ಹುಡುಕಲು ಹೋದವರಿಗೆ ಸಿಕ್ಕಿದ್ದು ಓಡುಗ! ಹೊಳೆದಂಡೆಯಲ್ಲಿ ಅಂತೂ ಹಿಡಿದರು.

“ನಾನೇನೂ ಮಾಡಿಲ್ರೀ ಸಾಹೇಬ್ರೆ.”

“ಆ ಕಾಗದದಾಗೆ ಏನೈತಪ್ಪ?”

“ಅರ್ಧ ಕತೆ ಐತ್ರಿ. ಉಳಿದಿದ್ದು ಬ್ಯಾರೆ ಯಾರದೋ ಪೊಟ್ಟಣದಾಗೆ ಹೋಗೈತೆ.”

ಮಾವ ಕತೆ ಪುಸ್ತಕ ತರಿಸಿದರು. ವಾಚನಾಲಯದ ಜಗಲಿಯವರೆಗೂ ಜನ ತುಂಬಿದರು. ಅಧ್ಯಕ್ಷರು ಹತ್ತಿಯ ಮಾತು ಬಿಟ್ಟರು. ಮಾವನಿಗೆ ಅಷ್ಟು ಸಾಲದು. ಹೆಂಗಸರು ಯಾಕೆ ಬರುತ್ತಿಲ್ಲ?

“ಅವರಿಗೆ ಓದೋ ಆಸೇನೇ ಇಲ್ಲ ಅನ್ಸುತ್ತೆ” ಎಂದರು ಒಂದು ದಿನ ಊಟಕ್ಕೆ ಕೂತು. ನಾನೂ ಪಕ್ಕದಲ್ಲಿದ್ದೆ.

ಬಡಿಸುತ್ತಿದ್ದ ಅತ್ತೆ ಸೌಟು ಕೆಳಗಿಟ್ಟರು. “ನೀವು ಮನೆಗೆ ತಂದಿದ್ದೆಲ್ಲ ನಾನು ಓದೀನ್ರಿ.”

“ನಿನಗೆ ಓದಾಕೆ ಬರ್ತೈತಾ?”

“ತೌರಿನಾಗೆ ಅಣ್ಣನ ಪಕ್ಕ ಕೂತು ಕಲ್ತಿದ್ದೆ. ನೀವು ಕೇಳಲೂ ಇಲ್ಲ, ನೋಡಲೂ ಇಲ್ಲ.”

ಮಾವನ ತುತ್ತು ಕೈಯಲ್ಲೇ ಉಳಿಯಿತು. “ಯಾವುದು ಹಿಡಿಸ್ತು?” ಎಂದು ಮೆಲ್ಲಗೆ ಕೇಳಿದರು. ಅತ್ತೆ ಹೇಳತೊಡಗಿದರು. ಸಾರು ಆರಿತು, ಯಾರಿಗೂ ಅದರ ಪರಿವೆ ಇರಲಿಲ್ಲ.

ಶುಕ್ರವಾರದ ಮಧ್ಯಾಹ್ನ ವಾಚನಾಲಯ ಹೆಂಗಸರಿಗೆ ಮಾತ್ರ ಎಂದಾಯಿತು. ಅತ್ತೆ ನೆರೆಮನೆಯ ಇಬ್ಬರನ್ನು ಕರೆದುಕೊಂಡು, ಇಡೀ ಪೇಟೆ ನೋಡುತ್ತಿದ್ದಂತೆ ನಡುಬೀದಿಯಲ್ಲೇ ನಡೆದು ಬಂದರು. ಅಧ್ಯಕ್ಷರು ಬಂದರೂ ಅಲುಗದ ಮಾವ ಕುರ್ಚಿ ಬಿಟ್ಟು ಎದ್ದರು. ಮದುವೆಯಾದಂದಿನಿಂದ ಏಕವಚನದಲ್ಲೇ ಕರೆಯುತ್ತಿದ್ದ ಹೆಂಡತಿಗೆ ಹೇಳಿದರು:

“ಬರ್ರಿ, ಕೂತ್ಕೊಳ್ರಿ.”