ಕಾಲು ನಿಮಿಷದ ಸಂಗೀತಗಾರ

ನಮ್ಮ ಸೆನ್ಸೇ ಅವರ ಸಂಗೀತವನ್ನು ದಿನವೂ ಸಾವಿರಾರು ಜನ ಕೇಳುತ್ತಾರೆ. ಕೇಳಿದವರೆಲ್ಲ ಎದ್ದೆನೋ ಬಿದ್ದೆನೋ ಎಂದು ಓಡುತ್ತಾರೆ! ಇಷ್ಟು ಜನರನ್ನು ಓಡಿಸಿದ ಸಂಗೀತಗಾರ ಪ್ರಪಂಚದಲ್ಲಿ ಇನ್ನೊಬ್ಬನಿದ್ದರೆ ತೋರಿಸಿ.

ಸೆನ್ಸೇ ಅಂದರೆ ಇಲ್ಲಿ ಜಪಾನಿನಲ್ಲಿ ಮೇಷ್ಟ್ರು. ಇವರು ಅಮೆರಿಕದವರು, ಎಂಬತ್ತು ದಾಟಿದವರು, ಕಾವಾಸಾಕಿಯಲ್ಲಿ ನಮ್ಮ ಪಕ್ಕದ ಮನೆಯವರು. ಪ್ರಾಯದಲ್ಲಿ ಪಿಯಾನೋಗೆಂದು ಬಹಳ ದೊಡ್ಡ ಕೃತಿಯೊಂದನ್ನು ರಚಿಸಿದ್ದರಂತೆ. ಅದನ್ನು ಸಭೆಯಲ್ಲಿ ನುಡಿಸಿದ್ದು ಒಂದೇ ಸಲ. "ಇಂಟರ್‌ವಲ್‌ನಲ್ಲಿ ಕಾಫಿ ಕುಡಿಯೋಕೆ ಎದ್ದು ಹೋದವರು ಇನ್ನೂ ವಾಪಸ್ ಬಂದಿಲ್ಲ" ಎನ್ನುತ್ತಾರೆ. ಆಮೇಲೆ ಟೋಕಿಯೋದ ಹೋಟೆಲೊಂದರಲ್ಲಿ, ಊಟ ಮಾಡುವವರಿಗೆ ಪಿಯಾನೋ ನುಡಿಸಲು ಕೆಲವು ತಿಂಗಳ ಮಟ್ಟಿಗೆ ಬಂದರು. ಇಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಉಳಿದುಬಿಟ್ಟರು. ಆಕೆ ಈಗಿಲ್ಲ. ಅವರು ಬರೆದ ರಾಶಿ ಸಂಗೀತದಲ್ಲಿ ಜನರ ಕಿವಿಗೆ ಬಿದ್ದದ್ದು, ರೈಲಿನವರು ಕೇಳಿದರೆಂದು ಬರೆದುಕೊಟ್ಟ ಕಾಲು ನಿಮಿಷದ ರಾಗ ಮಾತ್ರ. ನಮ್ಮ ಸ್ಟೇಷನ್ನಿನಲ್ಲಿ ರೈಲು ಹೊರಡುವ ಮುನ್ನ ಕೇಳಿಸುವುದು ಅದೇ.

ಅದರಲ್ಲೂ ಒಂದು ಪೇಚು. ಜನ ಹತ್ತಿದ ತಕ್ಷಣ ಗಾರ್ಡ್ ರಾಗವನ್ನು ಅಲ್ಲಿಗೇ ನಿಲ್ಲಿಸಿ ಬಾಗಿಲು ಹಾಕುತ್ತಾನೆ. ಹಾಗಾಗಿ ಪ್ಲಾಟ್‌ಫಾರ್ಮಿನಲ್ಲಿ ಆ ರಾಗದ ಕೊನೆಯನ್ನು ಬರೆದವರೂ ಕೇಳಿಲ್ಲ. ಚೆಂದದ್ದನ್ನೆಲ್ಲ ಕೊನೆಗೆ ಇಟ್ಟಿದ್ದರಂತೆ, ಪಾಪ!

ನಮ್ಮ ಪರಿಚಯವಾದದ್ದೇ ಹಾಗೆ. ನಾನು ತರಕಾರಿ ಚೀಲ ಹಿಡಿದು ರೈಲಿಗೆ ಓಡುತ್ತಿದ್ದಾಗ ಕೋಲು ಅಡ್ಡ ಹಿಡಿದು, "ನಿಧಾನ ಹತ್ತಮ್ಮಾ, ಈಗ ಒಳ್ಳೇ ಭಾಗ ಬರುತ್ತೆ!" ಎಂದರು. ಒಳ್ಳೆಯ ಭಾಗವೂ ಬರಲಿಲ್ಲ, ನನಗೆ ರೈಲೂ ಸಿಗಲಿಲ್ಲ.

ಅರ್ಧಕ್ಕೆ ನಿಂತ ಶಬ್ದವೆಂದರೆ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ನಮ್ಮ ಮನೆಗೆ ಊಟಕ್ಕೆ ಬಂದಾಗ ಕುಕ್ಕರ್ ಕೂಗುತ್ತಿತ್ತು. ಸ್ಟೌ ಆರಿಸಲು ಹೋದರೆ, "ಅದು ಮುಗಿಸಲಿ!" ಎಂದು ಕೈ ಹಿಡಿದರು. ಅದು ಮುಗಿಸಿತು, ಬಿಸಿಬೇಳೆಬಾತೂ ಮುಗಿಯಿತು! ವಾರ್ಡ್ ಆಫೀಸಿಗೆ ಫೋನ್ ಮಾಡಿದಾಗ ಕಾಯುವವರಿಗೆಂದು ಹಾಕುವ ಸಂಗೀತದ ನಡುವೆ ಗುಮಾಸ್ತೆ ಲೈನಿಗೆ ಬಂದರೆ, "ಸುಮಿಮಾಸೆನ್, ಹಾಡು ಮುಗಿದ ಮೇಲೆ ಬನ್ನಿ" ಎಂದು ಕ್ಷಮೆ ಕೇಳಿ ಆಕೆಯನ್ನೇ ಕಾಯಿಸಿದವರು.

ಹೋದ ತಿಂಗಳು ಸ್ಟೇಷನ್ನಿನಲ್ಲಿ ಪ್ರಕಟಣೆ ಬಂತು. ಇನ್ನು ಮೇಲೆ ರೈಲಿನಲ್ಲಿ ಗಾರ್ಡ್ ಇರುವುದಿಲ್ಲ, ಡ್ರೈವರ್ ಒಬ್ಬನೇ. ಹೊರಡುವ ರಾಗವೂ ಇರುವುದಿಲ್ಲ. ಸೆನ್ಸೇ ಊಟ ಬಿಟ್ಟರು. "ಮನೇಲಿ ಪಿಯಾನೋ ಇದೆಯಲ್ಲ ಸೆನ್ಸೇ, ಪೂರ್ತಿ ನುಡಿಸಿಕೊಳ್ಳಿ" ಎಂದೆ. "ಮದುವೆ ಅಡುಗೆ ಮಾಡಿ ಒಬ್ಬನೇ ಕೂತು ಉಣ್ಣಲಾ?" ಎಂದರು.

ಉಪಾಯ ಹೇಳಿದವಳು ಗೆಳತಿ ಸುಧಾ. "ಜನ ಹತ್ತುತ್ತಾ ಇರೋವರೆಗೂ ಗಾರ್ಡ್ ನಿಲ್ಲಿಸಲ್ಲ ತಾನೇ? ನಾವು ಕನ್ನಡದ ಹೆಂಗಸರು ಬಾಗಿಲಲ್ಲಿ ನಿಂತು ಬೈ ಹೇಳೋಕೇ ಅರ್ಧ ಗಂಟೆ ತಗೋತೀವಿ. ಕಾಲು ನಿಮಿಷ ಏನ್ ಮಹಾ? ಈಸಿ ಕಣೇ!"

ನಮ್ಮ ಯಜಮಾನರ ಮುಖ ಬಿಳಿಚಿಕೊಂಡಿತು. "ಜಪಾನಲ್ಲಿ ಟ್ರೈನ್ ಲೇಟ್ ಮಾಡಿಸ್ತೀರಾ? ನಮ್ಮ ವೀಸಾ ಗತಿ ಏನೇ?"

ಕೊನೆಯ ದಿನ ಸೆನ್ಸೇ ಕೋಟು ತೊಟ್ಟು ಸ್ಪೀಕರಿನ ಕೆಳಗೆ ನಿಂತರು. ನಾವು ಐದು ಜನ ರೇಷ್ಮೆ ಸೀರೆಯಲ್ಲಿ ಗಾರ್ಡಿನ ಹತ್ತಿರದ ಬಾಗಿಲಿಗೆ ಸಾಲು ನಿಂತೆವು. ಉಪಾಯ ಇಷ್ಟೇ: ಒಬ್ಬೊಬ್ಬರೇ ಹೋಗಿಬರುತ್ತೇನೆಂದು ಹೇಳುವುದು, ತಿರುಗುವುದು, ಏನೋ ನೆನಪಾದಂತೆ ಮತ್ತೆ ಹೇಳುವುದು. ಸುಧಾ ಕುಂಕುಮದ ಭರಣಿಯನ್ನೂ ತಂದಿದ್ದಳು! ರೈಲು ಬಂತು, ಇಳಿಯುವವರು ಇಳಿದರು. ಸೆನ್ಸೇ ಕಣ್ಣು ಮುಚ್ಚಿಕೊಂಡರು. ರಾಗ ಶುರುವಾಯಿತು.

ಏನಾಯಿತೆಂದು ಹೇಳಲಿ? ಇಷ್ಟು ವರ್ಷ ಆ ರಾಗ ಕೇಳಿದೊಡನೆ ಓಡಿದ ಕಾಲುಗಳು ನಮ್ಮ ಮಾತು ಕೇಳಲಿಲ್ಲ. ಮೊದಲು ನುಗ್ಗಿದವಳೇ ಸುಧಾ! "ಸುಮಿಮಾಸೆನ್, ಸುಮಿಮಾಸೆನ್" ಎನ್ನುತ್ತಾ ನಾವೂ ಅವಳ ಹಿಂದೆಯೇ ಒಳಗೆ. ಬೈ ಇಲ್ಲ, ಕುಂಕುಮವಿಲ್ಲ. ರಾಗ ಅರ್ಧಕ್ಕೆ ನಿಂತಿತು, ಬಾಗಿಲು ಮುಚ್ಚಿತು.

"ಅಯ್ಯೋ, ಎಂಥಾ ಕೆಲಸ ಆಯ್ತೇ!" ಎಂದು ಸುಧಾ ಬಾಯಿಗೆ ಕೈ ಇಟ್ಟುಕೊಂಡಳು. ನನಗೆ ಅಳು ಬಂತು. ಗಾಜಿನಾಚೆ ಸೆನ್ಸೇ ಕಣ್ಣು ತೆರೆದು ಸ್ಪೀಕರನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರು ಕೋಲನ್ನು ಕಂಬಕ್ಕೆ ಒರಗಿಸಿ, ಪ್ಲಾಟ್‌ಫಾರ್ಮಿನ ಬೆಂಚಿನ ಬೆನ್ನಿನ ಮೇಲೆ ಎರಡೂ ಕೈ ಇಟ್ಟು, ರಾಗ ನಿಂತಲ್ಲಿಂದ ಮುಂದಕ್ಕೆ ನುಡಿಸತೊಡಗಿದರು. ತುಟಿಯೂ ಅಲುಗುತ್ತಿತ್ತು. ನಮ್ಮ ರೈಲು ಮೆಲ್ಲಗೆ ಅಲುಗುವಷ್ಟರಲ್ಲಿ ಬೆರಳುಗಳು ನಿಂತವು. ಆಮೇಲೆ ಅವರು ಕೋಟು ಸರಿಮಾಡಿಕೊಂಡು, ಖಾಲಿ ಪ್ಲಾಟ್‌ಫಾರ್ಮಿಗೆ ಸೊಂಟ ಬಾಗಿ ನಮಸ್ಕರಿಸಿದರು.

ಉಸಿರಾಡಿದರೂ ಕೇಳಿಸುವಂಥ ಆ ಜಪಾನಿ ರೈಲಿನಲ್ಲಿ ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ಎಲ್ಲರೂ ತಿರುಗಿ ನೋಡಿದರು. ಸೆನ್ಸೇಗೆ ಕೇಳಿಸಿರಲಾರದು. ಯಾರಿಗೂ ಸುಮಿಮಾಸೆನ್ ಎನ್ನದೆ, ಅವರು ಕಣ್ಮರೆಯಾಗುವವರೆಗೂ ತಟ್ಟುತ್ತಲೇ ಇದ್ದೆ.