ಪುಕ್ಕಟೆ ಸವಾರಿಯ ಶುಕ್ರವಾರ

ಹೊಸದಾಗಿ ಏನು ಕಂಡರೂ ಮುಟ್ಟಿ ನೋಡಿ, ಇದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ. ಹಾಗಾಗಿ ಕುವೈತಿನ ಈ ಹದಿನೆಂಟು ವರ್ಷಗಳಲ್ಲಿ ನನಗೆ ಏನಾದರೊಂದು ಆಗುತ್ತಲೇ ಬಂದಿದೆ. ಕಳೆದ ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ, ಸಮುದ್ರದ ಬದಿಯಲ್ಲಿ ಒಂದು ಸೈಕಲ್ ಕಂಪೆನಿಯವರು ಡೇರೆ ಹಾಕಿ, ಯಾರು ಬೇಕಾದರೂ ಪುಕ್ಕಟೆ ಓಡಿಸಿ ನೋಡಬಹುದು ಎಂದಿದ್ದರು. ಮಹಬೂಲಾದ ನಮ್ಮ ಕಟ್ಟಡದಿಂದ ಮೊದಲು ಹೊರಟವನು ನಾನೇ.

ಇನ್ನೊಂದು ಕಾರಣವೂ ಇತ್ತು. ಹನ್ನೊಂದು ವರ್ಷದ ಮಗಳಿಗೆ ಸೈಕಲ್ ಕಲಿಸಬೇಕೆಂದು ನನಗೆ ಬಹಳ ಆಸೆ. ನಾನು ಊರಲ್ಲಿ ಶಾಲೆಗೆ ಸೈಕಲಿನಲ್ಲೇ ಹೋಗುತ್ತಿದ್ದೆ ಎಂದರೆ ಅವಳು ನಂಬುವುದಿಲ್ಲ. "ಪಪ್ಪಾ, ಐ ಹ್ಯಾವ್ ನೆವರ್ ಸೀನ್ ಯು. ಫಸ್ಟ್ ಯು ಶೋ ಮಿ," ಎಂದುಬಿಟ್ಟಿದ್ದಳು. ನನಗೆ ನಿಜವಾಗಿಯೂ ಬೇಸರವಾಗಿತ್ತು. ಅವಳನ್ನು ಕರೆದುಕೊಂಡೆ. ಕಟ್ಟಡದ ಕೆಳಗೆ ದಿನಸಿ ಅಂಗಡಿ ಇಟ್ಟಿರುವ ಬ್ಯಾರಿ ಗೆಳೆಯನೂ ಜೊತೆಗೆ ಬಂದ.

ಹಗುರ

ಡೇರೆಯ ಬಾಗಿಲಲ್ಲೇ ಕಪ್ಪು ಬಣ್ಣದ ತೆಳ್ಳನೆಯ ಸೈಕಲೊಂದಿತ್ತು. ಬೆಲೆ ಕೇಳಿದರೆ ನನ್ನ ಹಳೆಯ ಕಾರಿಗಿಂತ ಜಾಸ್ತಿ. ಸ್ಟ್ಯಾಂಡ್ ಹಾಕೋಣವೆಂದು ಕಾಲಿನಿಂದ ತಡಕಿದೆ, ಸ್ಟ್ಯಾಂಡ್ ಇಲ್ಲ. ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ಲೂ ಇಲ್ಲ.

"ಇಷ್ಟು ಬೆಲೆ ಕೊಟ್ಟವನಿಗೆ ಉಳಿದದ್ದು ಯಾವಾಗ ಕೊಡ್ತೀರಿ?" ಎಂದು ಗೆಳೆಯ ಅಲ್ಲಿದ್ದ ಕಂಪೆನಿಯ ಫಿಲಿಪಿನೋ ಮೇಡಮ್ಮನ್ನು ಇಂಗ್ಲಿಷಿನಲ್ಲಿ ಕೇಳಿದ.

ಹಗುರವಾಗಲೆಂದು ಎಲ್ಲ ತೆಗೆದಿದ್ದೇವೆ, ಒಂದೇ ಕೈಯಲ್ಲಿ ಎತ್ತಿ ನೋಡಿ ಎಂದರು ಆಕೆ. ಅವನು ಎತ್ತಿದ, ಇಳಿಸಿದ, ಕೈ ಬಿಟ್ಟ. ಸೈಕಲ್ ಮೆಲ್ಲಗೆ ವಾಲಿ ಅವನ ಮೈಮೇಲೆಯೇ ಒರಗಿತು.

"ನನ್ನ ಅಕ್ಕಿ ಚೀಲ ಇದಕ್ಕಿಂತ ಭಾರ, ಹೌದು," ಎಂದ ನನ್ನ ಕಡೆ ತಿರುಗಿ. "ಆದ್ರೆ ಅದು ತಾನಾಗಿ ನಿಲ್ತದೆ ಮಾರಾಯ."

ಏಳು ಕಿಲೋಮೀಟರ್

ಒಳಗೆ ಜಮಖಾನದ ಮೇಲೆ ಒಂದು ಸೈಕಲನ್ನು ನೆಲಕ್ಕೆ ಬಿಗಿದಿದ್ದರು. ಎದುರಿಗೆ ದೊಡ್ಡ ಪರದೆ. ಪೆಡಲ್ ತುಳಿದರೆ ಪರದೆಯಲ್ಲಿ ಯಾವುದೋ ಹಿಮದ ಬೆಟ್ಟದ ರಸ್ತೆ ಓಡುತ್ತದೆ. ಪರದೆಗೆ ತುಳಿದದ್ದು ಹೇಗೆ ಗೊತ್ತಾಗುತ್ತದೆ ಎಂದು ನಾನು ಬಗ್ಗಿ ವಯರು ಹುಡುಕುತ್ತಿದ್ದಾಗ ಗೆಳೆಯ ಚಪ್ಪಲಿ ಬಿಚ್ಚಿಟ್ಟು ಹತ್ತಿಯೇ ಬಿಟ್ಟ. ಜಮಖಾನ ಕಂಡಲ್ಲಿ ಚಪ್ಪಲಿ ಬಿಡುವುದು ಅವನ ಅಭ್ಯಾಸ.

ಏರು ಬಂದಾಗ ಹಲ್ಲು ಕಚ್ಚಿ ತುಳಿದ. ಇಳಿಜಾರಿನಲ್ಲಿ ಭಯಬಿದ್ದು ಬ್ರೇಕ್ ಹಿಡಿದ. ಕೊನೆಗೆ ಬೆವರಿನಲ್ಲಿ ತೊಯ್ದು ಇಳಿದಾಗ ಮೇಡಮ್ಮು, "ಸೆವೆನ್ ಕಿಲೋಮೀಟರ್ಸ್, ಸರ್," ಎಂದು ಅಭಿನಂದಿಸಿದರು.

ಗೆಳೆಯ ಕೆಳಗೆ ನೋಡಿದ. "ಏಳು ಕಿಲೋಮೀಟರ್ ಬಂದ ಮೇಲೂ ಚಪ್ಪಲಿ ಇಲ್ಲೇ ಉಂಟಲ್ಲ," ಎಂದ.

ನನ್ನ ಸರದಿ

ಗೆಳೆಯನ ಮನಸ್ಸಿಗೆ ಕೊನೆಗೂ ಹಿಡಿಸಿದ್ದು ಬ್ಯಾಟರಿ ಸೈಕಲ್. ಮನೆಮನೆಗೆ ಸಾಮಾನು ಮುಟ್ಟಿಸಲು ಹಿಂದುಗಡೆ ಎದೆಯೆತ್ತರದ ಪೆಟ್ಟಿಗೆ ಇತ್ತು. ನೀನು ಓಡಿಸಿ ಹೇಳು ಎಂದು ನನ್ನನ್ನು ಮುಂದೆ ತಳ್ಳಿದ. ಡೇರೆಯ ಹಿಂದೆ ಓಡಿಸಿ ನೋಡಲೆಂದು ಹಗ್ಗ ಕಟ್ಟಿದ ಮೈದಾನವಿತ್ತು, ಮಗಳು ಹಗ್ಗದ ಆಚೆ ಕೈಕಟ್ಟಿ ನಿಂತಿದ್ದಳು.

ಬಲಗೈ ಹಿಡಿ ತಿರುಗಿಸಿದರೆ ಮೋಟರು ಓಡುತ್ತದೆ ಎಂದು ಮೇಡಮ್ಮು ತೋರಿಸಿದರು. ಬ್ಯಾಟರಿ ಎಲ್ಲಿ, ಎಷ್ಟು ದೂರ ಹೋಗುತ್ತದೆ, ಚಾರ್ಜ್ ಮುಗಿದರೆ ಏನು ಗತಿ ಎಂದೆಲ್ಲ ಕೇಳಿದೆ. ನಿಲ್ಲಿಸುವುದು ಹೇಗೆ ಎಂದು ಮಾತ್ರ ಕೇಳಲಿಲ್ಲ.

"ಕೂತುಕೊಂಡು ಹೊರಡಿ ಸರ್," ಎಂದರು ಆಕೆ. ನಮ್ಮೂರಲ್ಲಿ ಸೀಟಿನ ಮೇಲೆ ಕೂತು ಹೊರಡುವವನು ಈಗಷ್ಟೇ ಕಲಿಯುತ್ತಿರುವವನು. ಬಲ್ಲವನು ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲ ಒದ್ದು, ವೇಗ ಬಂದ ಮೇಲೆ ಕಾಲನ್ನು ಹಿಂದಿನಿಂದ ಬೀಸಿ ಹತ್ತುತ್ತಾನೆ. ಮಗಳ ಎದುರು ನಾನು ಹಾಗೆಯೇ ಹೊರಟೆ.

ಎರಡು ಸಲ ಒದ್ದೆ. ಕಾಲು ಬೀಸಿದೆ. ಅದು ಪೆಟ್ಟಿಗೆಗೆ ಬಡಿದು ವಾಪಸ್ ಬಂತು. ಆಯ ತಪ್ಪಿ ಹಿಡಿಯನ್ನು ಬಿಗಿಯಾಗಿ ಹಿಡಿದೆ, ಅದು ತಿರುಗಿತು, ಸೈಕಲ್ ಹಾರಿತು. ಹೆದರಿದಷ್ಟೂ ಹಿಡಿ ಬಿಗಿಯಾಗುತ್ತಿತ್ತು, ಹಿಡಿ ಬಿಗಿಯಾದಷ್ಟೂ ಸೈಕಲ್ ಓಡುತ್ತಿತ್ತು. ಎಡ ಪೆಡಲಿನ ಮೇಲೆ ಒಂಟಿಕಾಲಲ್ಲಿ ನಿಂತು, ಊರಿನ ಬಸ್ಸಿನ ಬಾಗಿಲಲ್ಲಿ ನೇತಾಡುವ ಕಂಡಕ್ಟರನ ಹಾಗೆ ಇಡೀ ಮೈದಾನ ಸುತ್ತಿದೆ. ಗೆಳೆಯ ಹಿಂದೆಯೇ ಓಡುತ್ತಿದ್ದ.

"ಕಾಲು ಹಾಕು ಮಾರಾಯ, ಕಾಲು ಹಾಕು."

"ಪೆಟ್ಟಿಗೆ ಉಂಟು."

"ಹಾಗಾದ್ರೆ ಕೈ ಬಿಡು."

ಬಲಗೈ ಬಿಟ್ಟೆ. ಸೈಕಲ್ ನಿಧಾನವಾಗಿ, ಸರಿಯಾಗಿ ಮಗಳ ಎದುರೇ ನಿಂತಿತು. ನಾನು ಬೀಳಲಿಲ್ಲ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ದಿಶ್‌ದಾಶಾ ಎಂಬ ಉದ್ದ ನಿಲುವಂಗಿ ತೊಟ್ಟ ಅರಬ್ ಅಜ್ಜನೊಬ್ಬ ಇಷ್ಟನ್ನೂ ಮೊಬೈಲಿನಲ್ಲಿ ಹಿಡಿದಿದ್ದ. "ನಿಮ್ಮ ಕಂಪೆನಿಯ ಸರ್ಕಸ್ಸಿನವನಾ? ಯಲ್ಲಾ, ಇನ್ನೊಂದು ಸಲ," ಎಂದು ಮೇಡಮ್ಮನ್ನು ಕೇಳಿದ.

ಮಗಳು ಹಗ್ಗದ ಕೆಳಗಿನಿಂದ ನುಸುಳಿ ಬಂದು ನನ್ನ ಕೈ ಹಿಡಿದುಕೊಂಡಳು. ಅವರು ನನ್ನ ಪಪ್ಪ ಎಂದು ಅಜ್ಜನಿಗೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದಳು.

"ಓಕೆ ಪಪ್ಪಾ, ಐ ಬಿಲೀವ್ ಯು. ನೀವೇ ನನಗೆ ಕಲಿಸಿ," ಎಂದಳು. ಆಮೇಲೆ ಕಿವಿಯ ಹತ್ತಿರ ಬಂದು ಮೆಲ್ಲಗೆ ಸೇರಿಸಿದಳು, "ಬಟ್ ಐ ವಿಲ್ ಸಿಟ್."